ಯುದ್ಧವನ್ನು ಗಡಿಯಾಚೆಯೇ ತಡೆಯಹೊರಟ ಸೇನಾನಿ: ಖಾಸಿಂ ಸುಲೇಮಾನಿಯ ಲೆಕ್ಕ ತಪ್ಪಿದ್ದೆಲ್ಲಿ?

2025ರ ಜೂನ್ 13ರ ನಸುಕಿನಲ್ಲಿ ಇಸ್ರೇಲ್‌ನ ಯುದ್ಧವಿಮಾನಗಳು ಇರಾನ್ ಮೇಲೆ ಎರಗಿದವು. ಸಶಸ್ತ್ರ ಪಡೆಗಳ ಮುಖ್ಯಸ್ಥ ಮೊಹಮ್ಮದ್ ಬಾಘೇರಿ, ರೆವಲ್ಯೂಷನರಿ ಗಾರ್ಡ್ಸ್ ಮುಖ್ಯಸ್ಥ ಹೊಸೇನ್ ಸಲಾಮಿ, ಕ್ಷಿಪಣಿ ಪಡೆಯ ದಂಡನಾಯಕ ಅಮೀರ್ ಅಲಿ ಹಾಜಿಜಾದೆ ಮೊದಲ ಏಟಿಗೇ ಹತರಾದರು. 1988ರ ನಂತರ ಹುಟ್ಟಿದ ಇರಾನಿಗರು ಟೆಹ್ರಾನ್‌ನ ವಸತಿ ಬಡಾವಣೆಗಳಲ್ಲಿ ಪರದೇಶದ ಬಾಂಬು ಸಿಡಿಯುವುದನ್ನು ಕಂಡದ್ದು ಅದೇ ಮೊದಲು.

ಹೀಗಾಗಬಾರದೆಂದೇ ಇರಾನ್ ಎರಡು ದಶಕ ಬೇರೆಯವರ ನೆಲದಲ್ಲಿ ಕಾದಾಡಿತ್ತು. ಸಿರಿಯಾದಲ್ಲಿ ನಮ್ಮವರು ಹೋರಾಡದೇ ಇದ್ದಿದ್ದರೆ ಕೆರ್ಮಾನ್‌ಶಾ, ಹಮದಾನ್‌ಗಳಲ್ಲೇ ನಾವು ಹೋರಾಡಬೇಕಾಗುತ್ತಿತ್ತು ಎಂದು ಸರ್ವೋಚ್ಚ ನಾಯಕ ಅಲಿ ಖಮೇನಿ 2016ರಲ್ಲಿ ಹೇಳಿದ್ದರು. ಆ ಮಾತನ್ನು ನೆಲದ ಮೇಲೆ ಮಾಡಿ ತೋರಿಸಿದ ವ್ಯಕ್ತಿ ಮೇಜರ್ ಜನರಲ್ ಖಾಸಿಂ ಸುಲೇಮಾನಿ. ಅವರು ಸತ್ತದ್ದು 2020ರಲ್ಲಿ. ಅವರು ಕಟ್ಟಿದ್ದು ಕುಸಿದದ್ದು 2024ರಲ್ಲಿ. ನಡುವಿನ ಈ ನಾಲ್ಕು ವರ್ಷಗಳ ಅಂತರ ನೋಡಿ, ಸುಲೇಮಾನಿ ಇದ್ದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು ಎನ್ನುವವರು ಇರಾನ್‌ನಲ್ಲೂ ಹೊರಗೂ ಇದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಬಿರುಕುಗಳು ಅವರಿದ್ದಾಗಲೇ ಬಿಟ್ಟಿದ್ದವು, ಕೆಲವಂತೂ ಅವರ ವಿಧಾನದಿಂದಲೇ ಹುಟ್ಟಿದವು.

ಸಾಲದ ಮನೆಯಿಂದ ಯುದ್ಧಭೂಮಿಗೆ

ಆಗ್ನೇಯ ಇರಾನ್‌ನ ಕೆರ್ಮಾನ್ ಪ್ರಾಂತ್ಯದ ಗುಡ್ಡಗಾಡಿನಲ್ಲಿ ಖನಾತ್-ಎ-ಮಲೆಕ್ ಎಂಬ ಹಳ್ಳಿಯಿದೆ. ಸುಲೇಮಾನಿ ಅಲ್ಲಿ 1957ರ ಮಾರ್ಚ್ 11ರಂದು ಹುಟ್ಟಿದರು. ಇರಾನ್‌ನ ದೊರೆ ಷಾನ ಸರ್ಕಾರದ ಭೂಸುಧಾರಣೆಯ ಕಾಲದಲ್ಲಿ ಅವರ ತಂದೆ ಸರ್ಕಾರದಿಂದ ಪಡೆದಿದ್ದ ಕೃಷಿ ಸಾಲ ತೀರಲಿಲ್ಲ. ಮೊತ್ತ ಇಂದಿನ ಲೆಕ್ಕದಲ್ಲಿ ಪುಡಿಗಾಸು, ಆದರೆ ತೀರಿಸದಿದ್ದರೆ ಜೈಲು ಎಂಬ ಹೆದರಿಕೆ ಮನೆಯಲ್ಲಿತ್ತು. ಹದಿಮೂರರ ಹುಡುಗ ಊರು ಬಿಟ್ಟು ಕೆರ್ಮಾನ್ ನಗರಕ್ಕೆ ಹೋಗಿ ಕಟ್ಟಡ ಕೂಲಿಗೆ ನಿಂತ. ಮುಂದೆ ನಗರದ ನೀರು ಸರಬರಾಜು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಮದರಸಾದ ಓದಿಲ್ಲ, ಸೈನಿಕ ಅಕಾಡೆಮಿಯ ತರಬೇತಿಯಿಲ್ಲ. ಬಿಡುವಿನಲ್ಲಿ ವ್ಯಾಯಾಮಶಾಲೆ, ಕರಾಟೆ. 1979ರ ಕ್ರಾಂತಿಯಾದ ಮೇಲೆ ಆಗಷ್ಟೇ ಹುಟ್ಟಿದ್ದ ರೆವಲ್ಯೂಷನರಿ ಗಾರ್ಡ್ಸ್ ಪಡೆ ಸೇರಿದರು. ಕ್ರಾಂತಿಕಾರಿ ಸರ್ಕಾರಕ್ಕೆ ಷಾ ಕಾಲದ ಸೈನ್ಯದ ಮೇಲೆ ನಂಬಿಕೆಯಿರಲಿಲ್ಲ. ಅದಕ್ಕೆ ಬೇಕಾಗಿದ್ದುದು ಇಂಥ ಹಳ್ಳಿಯ ಹುಡುಗರೇ.

1980ರ ಸೆಪ್ಟೆಂಬರ್ 22ರಂದು ಸದ್ದಾಂ ಹುಸೇನ್ ಸೈನ್ಯ ಗಡಿ ದಾಟಿತು. ಕೆರ್ಮಾನ್‌ನ ಹುಡುಗರನ್ನು ಕಟ್ಟಿಕೊಂಡು ಮುಂಚೂಣಿಗೆ ಹೋದ ಸುಲೇಮಾನಿ ಇನ್ನೂ ಇಪ್ಪತ್ತರ ಹರೆಯದಲ್ಲೇ 41ನೇ ಸಾರಲ್ಲಾಹ್ ಡಿವಿಷನ್‌ನ ದಂಡನಾಯಕರಾದರು. ಅವರ ಮುಂದಿನ ಬದುಕಿನ ತಂತ್ರವೆಲ್ಲ ಈ ಎಂಟು ವರ್ಷಗಳ ಯುದ್ಧದಿಂದಲೇ ಬಂದದ್ದು.

ಅರ್ವಂದ್ ನದಿಯ, ಅಂದರೆ ಅರಬರು ಷತ್ತುಲ್ ಅರಬ್ ಎನ್ನುವ ನದಿಯ ಎರಡು ದಾಟುವಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. 1986ರ ಫೆಬ್ರವರಿಯಲ್ಲಿ ಇರಾನ್ ಸೈನಿಕರು ರಾತ್ರಿಯಲ್ಲಿ ನದಿ ದಾಟಿ ಇರಾಕ್‌ನ ಫಾವ್ ಪರ್ಯಾಯ ದ್ವೀಪ ಹಿಡಿದರು. ದಾಳಿ ಬೇರೆ ಕಡೆ ಆಗುತ್ತದೆಂದು ಇರಾಕ್ ನಂಬಿತ್ತು, ಅದಕ್ಕೇ ಗೆದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ‘ಕರ್ಬಲಾ-4’ ಎಂಬ ಹೆಸರಿನಲ್ಲಿ ಅದೇ ನದಿಯನ್ನು ಮತ್ತೆ ದಾಟಲು ಹೋದಾಗ ಆಚೆ ದಡದಲ್ಲಿ ಇರಾಕಿ ಮಷಿನ್‌ಗನ್‌ಗಳು ಕಾಯುತ್ತಿದ್ದವು. ಸುದ್ದಿ ಮೊದಲೇ ಸೋರಿತ್ತು. ಈಜುಗಾರರ ತುಕಡಿಗಳು ನೀರಿನಲ್ಲೇ ಮುಗಿದುಹೋದವು. ಆ ಕಾರ್ಯಾಚರಣೆಯ 175 ಮುಳುಗುಗಾರರ ಅವಶೇಷಗಳು ಟೆಹ್ರಾನ್‌ಗೆ ಬಂದದ್ದು 2015ರಲ್ಲಿ. ಹಲವರ ಕೈಗಳನ್ನು ಕಟ್ಟಲಾಗಿತ್ತು ಎಂದು ಇರಾನ್ ಹೇಳಿತು. ಇದಾದ ಎರಡೇ ವಾರದಲ್ಲಿ ಷಲಮ್ಚೆಯಲ್ಲಿ ‘ಕರ್ಬಲಾ-5’ ನಡೆಯಿತು. ಸಾವಿರಾರು ಮಂದಿ ಸತ್ತರು, ಬಸ್ರಾ ಕೈಗೆ ಸಿಗಲಿಲ್ಲ. ಎರಡರಲ್ಲೂ ಸುಲೇಮಾನಿಯ ಡಿವಿಷನ್ ಇತ್ತು.

1988ರ ವಸಂತದಲ್ಲಿ ಇರಾಕ್ ಟೆಹ್ರಾನ್ ಮೇಲೆ ನೂರಕ್ಕೂ ಹೆಚ್ಚು ಕ್ಷಿಪಣಿ ಹಾರಿಸಿತು, ಜನ ನಗರ ಬಿಟ್ಟು ಓಡಿದರು. ಇರಾನ್‌ನ ಅಮೆರಿಕನ್ ನಿರ್ಮಿತ ಯುದ್ಧವಿಮಾನಗಳಿಗೆ ಬಿಡಿಭಾಗವಿಲ್ಲ, ರಾಸಾಯನಿಕ ಅಸ್ತ್ರ ಬಳಸಿದ ಸದ್ದಾಂನನ್ನು ತಡೆಯುವವರಿಲ್ಲ. ಕೊನೆಗೆ ಜುಲೈನಲ್ಲಿ ವಿಶ್ವಸಂಸ್ಥೆಯ 598ನೇ ನಿರ್ಣಯಕ್ಕೆ ಇರಾನ್ ಒಪ್ಪಿಕೊಂಡಿತು. ಸುಲೇಮಾನಿಯ ತಲೆಮಾರು ಇದರಿಂದ ಕಲಿತದ್ದು ಮೂರು: ಹೊಸ ವಿಮಾನ, ಟ್ಯಾಂಕ್ ನಮಗೆ ಯಾರೂ ಮಾರುವುದಿಲ್ಲ, ಬರೀ ಎದೆಯೊಡ್ಡಿ ನುಗ್ಗಿದರೆ ಹೆಣ ಬೀಳುತ್ತದೆ, ಊರು ಸಿಗುವುದಿಲ್ಲ, ಮುಂದಿನ ಯುದ್ಧ ನಮ್ಮ ನೆಲದಲ್ಲಿ ಆಗಕೂಡದು. ಮೊದಲ ಪಾಠದಿಂದ ಕ್ಷಿಪಣಿ ಕಾರ್ಯಕ್ರಮ ಹುಟ್ಟಿತು. ಕೊನೆಯದು ಹೊರದೇಶಗಳಲ್ಲಿ ಕೆಲಸ ಮಾಡುವ ಕುದ್ಸ್ ಪಡೆಯಾಯಿತು.

ಕುದ್ಸ್ ಪಡೆ ಕೆಲಸ ಮಾಡುವ ಬಗೆ

ಯುದ್ಧ ಮುಗಿದ ಮೇಲೆ ಸುಲೇಮಾನಿ ಕೆರ್ಮಾನ್‌ಗೆ ಮರಳಿ ಅಫ್ಘಾನಿಸ್ತಾನದ ಗಡಿಯಿಂದ ಬರುವ ಅಫೀಮು ಸಾಗಣೆದಾರರ ಬೆನ್ನು ಹತ್ತಿದ್ದರು. ಬುಡಕಟ್ಟು ಹಿರಿಯರೊಂದಿಗೆ ಕೂತು ಮಾತಾಡುವುದು, ಒಬ್ಬನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವುದು, ಯಾರಿಗೆ ಹಣ, ಯಾರಿಗೆ ಗುಂಡು ಎಂದು ತೀರ್ಮಾನಿಸುವುದು ಎಲ್ಲ ಅಲ್ಲೇ ಪಳಗಿತು. 1990ರ ದಶಕದ ಕೊನೆಗೆ ಅವರನ್ನು ಕುದ್ಸ್ ಪಡೆಯ ಮುಖ್ಯಸ್ಥರನ್ನಾಗಿ ಮಾಡಲಾಯಿತು.

ರೆವಲ್ಯೂಷನರಿ ಗಾರ್ಡ್ಸ್‌ಗೆ ಐದು ಅಂಗಗಳು: ಭೂಪಡೆ, ಕ್ಷಿಪಣಿ ಮತ್ತು ವಾಯುಪಡೆ, ನೌಕಾಪಡೆ, ಬಸೀಜ್ ಎಂಬ ಸ್ವಯಂಸೇವಕ ಪಡೆ, ಹೊರದೇಶಗಳಲ್ಲಿ ಕೆಲಸ ಮಾಡುವ ಕುದ್ಸ್. ಕೊನೆಯದು ಚಿಕ್ಕದು, ಅದರ ಬಲವನ್ನು ಐದರಿಂದ ಹದಿನೈದು ಸಾವಿರದವರೆಗೆ ಒಬ್ಬೊಬ್ಬರು ಒಂದೊಂದು ರೀತಿ ಅಂದಾಜು ಮಾಡುತ್ತಾರೆ. ಆದರೆ ಅದರ ಮುಖ್ಯಸ್ಥರು ನೇರವಾಗಿ ಸರ್ವೋಚ್ಚ ನಾಯಕರೊಂದಿಗೆ ಮಾತಾಡುತ್ತಾರೆ. ರಾಷ್ಟ್ರಪತಿಗಾಗಲಿ ವಿದೇಶಾಂಗ ಸಚಿವರಿಗಾಗಲಿ ಉತ್ತರ ಕೊಡಬೇಕಿಲ್ಲ. ಸದ್ದಾಂ ಬಿದ್ದ ಮೇಲೆ ಬಾಗ್ದಾದ್‌ಗೆ ಒಬ್ಬರ ನಂತರ ಒಬ್ಬರಂತೆ ಹೋದ ಇರಾನಿ ರಾಯಭಾರಿಗಳು ಇದೇ ಪಡೆಯಿಂದ ಬಂದವರು.

ಹೊರದೇಶದಲ್ಲಿ ಒಂದು ಪಡೆ ಕಟ್ಟಲು ಅವರು ಅನುಸರಿಸಿದ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲ ಮಾದರಿ ಲೆಬನಾನ್‌ನದು: 1982ರಲ್ಲಿ ಇಸ್ರೇಲ್ ಅಲ್ಲಿಗೆ ನುಗ್ಗಿದಾಗ ಸುಮಾರು 1,500 ಗಾರ್ಡ್ಸ್ ಬೆಕಾ ಕಣಿವೆಗೆ ಹೋಗಿ ಹಿಜ್ಬುಲ್ಲಾಗೆ ಬುನಾದಿ ಹಾಕಿದ್ದರು. ಸುಲೇಮಾನಿ ಅದನ್ನು ಬೇರೆ ಬೇರೆ ನೆಲಕ್ಕೆ ಒಗ್ಗಿಸಿದರು. ಮೊದಲು ತನ್ನದೇ ಜಗಳ, ತನ್ನದೇ ಶತ್ರು ಇರುವ ಸ್ಥಳೀಯ ಗುಂಪನ್ನು ಹುಡುಕಬೇಕು. ಇರಾನ್‌ನ ಜಗಳವನ್ನು ಹೊರಗಿನವರ ತಲೆಗೆ ಕಟ್ಟಿದರೆ ಅವರು ಹೆಚ್ಚು ದಿನ ಹೋರಾಡುವುದಿಲ್ಲ. ನಂತರ ಆಯ್ದ ಕೆಲವರಿಗೆ ಇರಾನ್‌ನಲ್ಲೋ ಲೆಬನಾನ್‌ನಲ್ಲೋ ತರಬೇತಿ. ಅರಬರಿಗೆ ಪಾಠ ಹೇಳಲು ಪಾರ್ಸಿ ಮಾತಾಡುವ ಅಧಿಕಾರಿಗಿಂತ ಹಿಜ್ಬುಲ್ಲಾದ ಲೆಬನಾನಿ ಮೇಷ್ಟ್ರೇ ಮೇಲು, ಭಾಷೆಯ ತೊಡಕಿಲ್ಲ, ಅಜಮ್‌ನವರು, ಅಂದರೆ ಅರಬರಲ್ಲದವರು, ಬಂದು ಆಳುತ್ತಿದ್ದಾರೆ ಎಂಬ ಮುನಿಸೂ ಇಲ್ಲ. ಆಮೇಲೆ ಆಯುಧ. ಆರಂಭದಲ್ಲಿ ಸಿದ್ಧ ಆಯುಧ ಕೊಟ್ಟು, ಬರಬರುತ್ತಾ ಬಿಡಿಭಾಗ ಕಳಿಸಿ ಜೋಡಿಸುವುದನ್ನು ಕಲಿಸುತ್ತಿದ್ದರು. ಯೆಮನ್‌ನ ಹೂಥಿಗಳು ಇಂದು ಇರಾನ್ ವಿನ್ಯಾಸದ ಡ್ರೋನ್ ಹಾರಿಸುವುದು ಹೀಗೆ. ಕೊನೆಯ ಹಂತ ರಾಜಕೀಯ: ಚುನಾವಣೆಗೆ ನಿಲ್ಲಿಸಿ, ಸಂಸತ್ತಿನೊಳಕ್ಕೆ ಕಳಿಸಿ, ಸಂಬಳದ ಭಾರವನ್ನು ಆ ದೇಶದ ಖಜಾನೆಗೇ ವರ್ಗಾಯಿಸುವುದು. 2018ರ ಇರಾಕ್ ಚುನಾವಣೆಯಲ್ಲಿ ಇರಾನ್ ಪರ ಪಡೆಗಳ ಫತಹ್ ಮೈತ್ರಿಕೂಟ 48 ಸ್ಥಾನ ಗೆದ್ದು ಎರಡನೆಯ ದೊಡ್ಡ ಬಣವಾಯಿತು.

ಇದು ಅಗ್ಗದ ದಾರಿ. ಯಾವ ಹಂತದಲ್ಲಿ ಕೈಕೊಡುತ್ತದೆ ಎಂಬುದೂ ಅಷ್ಟೇ ಸ್ಪಷ್ಟ. ತನ್ನದೇ ಜಗಳವಿರುವ ಗುಂಪಿಗೆ ತನ್ನದೇ ತಲೆಯೂ ಇರುತ್ತದೆ. ಇರಾಕ್‌ನ ಷಿಯಾ ಧರ್ಮಗುರು ಮುಖ್ತದಾ ಅಲ್ ಸದರ್ ಹೇಳಿದ ಮಾತು ಕೇಳದಾದಾಗ ಅವರ ಮೆಹ್ದಿ ಸೇನೆಯಿಂದ ಅಸಾಯಿಬ್ ಅಹ್ಲ್ ಅಲ್ ಹಕ್ ಎಂಬ ಬಣವನ್ನು ಒಡೆದು ಬೆಳೆಸಬೇಕಾಯಿತು. ಸಿರಿಯಾದ ಅಧ್ಯಕ್ಷ ಅಸದ್ ಸುನ್ನಿಗಳ ಮೇಲೆ ಗುಂಡು ಹಾರಿಸುವಾಗ ಪ್ಯಾಲೆಸ್ತೀನಿನ ಸುನ್ನಿ ಸಂಘಟನೆ ಹಮಾಸ್ 2012ರಲ್ಲಿ ಡಮಾಸ್ಕಸ್ ಬಿಟ್ಟು ನಡೆಯಿತು; ಇರಾನ್ ಹಣ ಕಡಿತ ಮಾಡಿತು, ವರ್ಷಗಳ ನಂತರ ಮತ್ತೆ ರಾಜಿಯಾಯಿತು. ಇಂಥ ಪ್ರತಿ ತೊಡಕನ್ನು ಬಿಡಿಸಲು ಒಬ್ಬ ಮನುಷ್ಯ ವಿಮಾನ ಹತ್ತಿ ಹೋಗಿ ಕೂತು ಮಾತಾಡಬೇಕಿತ್ತು. ಬಾಗ್ದಾದ್, ಡಮಾಸ್ಕಸ್, ಬೈರೂತ್ ಮೂರರಲ್ಲೂ ಯಾರ ಮನೆ ಬಾಗಿಲನ್ನೂ ತಟ್ಟಬಲ್ಲ ಮನುಷ್ಯ. ವ್ಯವಸ್ಥೆಯ ಬಲವೂ ಅದೇ, ದೌರ್ಬಲ್ಯವೂ ಅದೇ.

ಅಮೆರಿಕದೊಂದಿಗೆ ಕೈ ಕುಲುಕಿ, ಕೈ ತಿರುಚಿ

ಸುಲೇಮಾನಿ ಎಂದೊಡನೆ ಅಮೆರಿಕದ ಕಡುವೈರಿ ಎನ್ನುವುದು ವಾಡಿಕೆ. 2001ರಲ್ಲಿ ಚಿತ್ರ ಬೇರೆಯಿತ್ತು. 1998ರಲ್ಲಿ ಮಜಾರ್-ಎ-ಷರೀಫ್‌ನ ಇರಾನಿ ಕಾನ್ಸುಲೇಟ್‌ನಲ್ಲಿದ್ದ ರಾಜತಾಂತ್ರಿಕರ ಹತ್ಯೆಯಾದಾಗಿನಿಂದ ತಾಲಿಬಾನ್ ಇರಾನ್‌ಗೂ ಶತ್ರು. ಅವಳಿ ಗೋಪುರಗಳು ಬಿದ್ದ ಮೇಲೆ ಜಿನೀವಾದಲ್ಲಿ ಅಮೆರಿಕದ ರಾಜತಾಂತ್ರಿಕ ರಯಾನ್ ಕ್ರಾಕರ್ ಅವರನ್ನು ಇರಾನಿ ಪ್ರತಿನಿಧಿಗಳು ಭೇಟಿಯಾಗುತ್ತಿದ್ದರು, ತಾಲಿಬಾನ್ ನೆಲೆಗಳ ಮಾಹಿತಿಯನ್ನೂ ಕೊಟ್ಟರು. ಆ ಪ್ರತಿನಿಧಿಗಳ ಹಿಂದಿದ್ದವರು ಸುಲೇಮಾನಿ. 2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ ಇರಾನ್ ಅನ್ನು ‘ದುಷ್ಟಕೂಟ’ಕ್ಕೆ ಸೇರಿಸಿದ ಮೇಲೆ ಆ ಬಾಗಿಲು ಮುಚ್ಚಿತು.

ಮರುವರ್ಷ ಅಮೆರಿಕದ ಸೈನ್ಯ ಪಕ್ಕದ ಇರಾಕ್‌ಗೇ ಬಂದು ಕೂತಾಗ ಅದನ್ನು ಅಲ್ಲಿ ಸುಖವಾಗಿ ಇರಗೊಡಬಾರದು ಎಂಬುದು ಟೆಹ್ರಾನ್‌ನ ನಿರ್ಧಾರವಾಯಿತು. ಇರಾನ್ ಬೆಂಬಲಿತ ಗುಂಪುಗಳು ರಸ್ತೆಬದಿ ಇಡುತ್ತಿದ್ದ, ಕವಚ ಸೀಳುವ ಬಾಂಬುಗಳು ಕುಖ್ಯಾತವಾದವು. 2003ರಿಂದ 2011ರ ನಡುವೆ ಇರಾಕ್‌ನಲ್ಲಿ ತನ್ನ ಕನಿಷ್ಠ 603 ಯೋಧರ ಸಾವಿಗೆ ಇರಾನ್ ಬೆಂಬಲಿತರು ಕಾರಣ ಎಂದು ಪೆಂಟಗನ್ 2019ರಲ್ಲಿ ಲೆಕ್ಕ ಕೊಟ್ಟಿತು. 2008ರಲ್ಲಿ ಬಸ್ರಾದಲ್ಲಿ ಇರಾಕ್ ಸರ್ಕಾರಕ್ಕೂ ಸದರ್ ಬಣಕ್ಕೂ ಕಾಳಗ ಹತ್ತಿದಾಗ ಅದು ನಿಂತದ್ದು ಬಾಗ್ದಾದ್‌ನಲ್ಲಿ ಆದ ಮಾತುಕತೆಯಿಂದಲ್ಲ, ಇರಾನ್‌ನ ಖೋಮ್ ನಗರದಲ್ಲಿ ಆದದ್ದರಿಂದ. ಇರಾಕ್, ಲೆಬನಾನ್, ಗಾಜಾ, ಅಫ್ಘಾನಿಸ್ತಾನಗಳ ವಿಷಯದಲ್ಲಿ ಇರಾನ್‌ನ ನೀತಿ ನನ್ನ ಕೈಲಿದೆ ಎಂದು ಅಮೆರಿಕದ ಜನರಲ್ ಡೇವಿಡ್ ಪೆಟ್ರೇಯಸ್‌ಗೆ ಸುಲೇಮಾನಿ ಹೇಳಿಕಳಿಸಿದ್ದು ಆ ವರ್ಷವೇ.

ಭಾರತವೂ ಈ ಕತೆಯ ಅಂಚಿನಲ್ಲಿದೆ. 2012ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಇಸ್ರೇಲ್ ರಾಯಭಾರ ಕಚೇರಿಯ ಕಾರಿಗೆ ಬಾಂಬು ಅಂಟಿಸಿದ ದಾಳಿಯನ್ನು ಇಸ್ರೇಲ್ ಇರಾನ್‌ನ ತಲೆಗೆ ಕಟ್ಟಿತು, ಇರಾನ್ ಅಲ್ಲಗಳೆಯಿತು. 2020ರಲ್ಲಿ ಅಮೆರಿಕ ಸುಲೇಮಾನಿಯನ್ನು ಕೊಂದ ಬೆನ್ನಲ್ಲೇ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ‘ನವದೆಹಲಿಯಷ್ಟು ದೂರದವರೆಗೆ’ ಅವರ ಸಂಚು ಹಬ್ಬಿತ್ತೆಂದು ಹೇಳಿದ್ದು ಬಹುಶಃ ಇದನ್ನೇ ನೆನೆದು.

ನೆರಳಿನಿಂದ ಪೋಸ್ಟರಿಗೆ

2011ರಲ್ಲಿ ಸಿರಿಯಾದಲ್ಲಿ ದಂಗೆ ಎದ್ದಿತು. ಲೆಬನಾನ್‌ಗೆ ಆಯುಧ ಹೋಗುವುದೇ ಡಮಾಸ್ಕಸ್ ಮೂಲಕ, ಹಾಗಾಗಿ ಬಷರ್ ಅಲ್ ಅಸದ್ ಬಿದ್ದರೆ ಹಿಜ್ಬುಲ್ಲಾದ ಕೊರಳು ಬಿಗಿದಂತೆ. ಸುಲೇಮಾನಿ ಅಲ್ಲಿಗೆ ಎಲ್ಲವನ್ನೂ ಸುರಿದರು. 2013ರಲ್ಲಿ ಗಡಿಯ ಖುಸೈರ್ ಪಟ್ಟಣವನ್ನು ಹಿಜ್ಬುಲ್ಲಾ ಗೆದ್ದುಕೊಟ್ಟಿತು. ಇರಾನ್‌ನಲ್ಲಿದ್ದ ಅಫ್ಘನ್ ನಿರಾಶ್ರಿತರಿಂದ ಫಾತಿಮಿಯೂನ್ ಪಡೆ, ಪಾಕಿಸ್ತಾನಿ ಷಿಯಾಗಳಿಂದ ಜೈನಬಿಯೂನ್ ಪಡೆ ಎದ್ದವು. ಅಫ್ಘನ್ನರಿಗೆ ಸಂಬಳದ ಜೊತೆ ಇರಾನ್‌ನಲ್ಲಿ ನೆಲೆಸುವ ಕಾಗದಪತ್ರದ ಆಸೆ ತೋರಿಸಲಾಗುತ್ತಿತ್ತು. ಹದಿನಾಲ್ಕರ ಹುಡುಗರೂ ಅಲ್ಲಿ ಸತ್ತದ್ದನ್ನು ಹ್ಯೂಮನ್ ರೈಟ್ಸ್ ವಾಚ್ 2017ರಲ್ಲಿ ದಾಖಲಿಸಿತು. ಇಷ್ಟಾದರೂ ನೆಲ ಜಾರುತ್ತಲೇ ಇತ್ತು. ರಷ್ಯಾದ ವಿಮಾನಗಳು 2015ರ ಸೆಪ್ಟೆಂಬರ್ 30ರಂದು ಬಾಂಬು ಹಾಕಲು ಶುರು ಮಾಡಿದ ಮೇಲಷ್ಟೇ ಪರಿಸ್ಥಿತಿ ತಿರುಗಿತು, 2016ರ ಕೊನೆಗೆ ಅಲೆಪ್ಪೊ ಕೈವಶವಾಯಿತು. ಸಿರಿಯಾದ ಗೆಲುವು ಮೂರು ಊರುಗೋಲುಗಳ ಮೇಲೆ ನಿಂತಿತ್ತು: ಕೆಳಗೆ ಹಿಜ್ಬುಲ್ಲಾ, ಮೇಲೆ ರಷ್ಯಾ, ನಡುವೆ ಇರಾನ್‌ನ ಹಣ. ಇದನ್ನು ನೆನಪಿಟ್ಟುಕೊಳ್ಳಬೇಕು.

ಅಲ್ಲಿಯವರೆಗೆ ಸುಲೇಮಾನಿಯ ಫೋಟೊ ಸಿಗುವುದೇ ಅಪರೂಪ. 2014ರ ಜೂನ್‌ನಲ್ಲಿ ಐಎಸ್ ಉಗ್ರರು ಮೊಸುಲ್ ಹಿಡಿದ ಮೇಲೆ ಎಲ್ಲ ಬದಲಾಯಿತು. ಕುರ್ದಿಷ್ ನಾಯಕ ಮಸೂದ್ ಬರ್ಜಾನಿ, ನಮಗೆ ಮೊದಲು ಆಯುಧ ಕಳಿಸಿದ್ದು ಇರಾನ್ ಎಂದು ಬಹಿರಂಗವಾಗಿ ಹೇಳಿದರು. ಮುತ್ತಿಗೆಯಲ್ಲಿ ಸಿಕ್ಕಿದ್ದ ಷಿಯಾ ತುರ್ಕಮನ್ನರ ಪಟ್ಟಣ ಆಮೆರ್ಲಿಯನ್ನು ಆಗಸ್ಟ್ ಕೊನೆಗೆ ಬಿಡಿಸಿದಾಗ ಮೇಲಿನಿಂದ ಬಾಂಬು ಹಾಕಿದ್ದು ಅಮೆರಿಕದ ವಿಮಾನಗಳು, ಕೆಳಗೆ ನಗುತ್ತಾ ಫೋಟೊಗೆ ನಿಂತದ್ದು ಸುಲೇಮಾನಿ. ಯೋಧರೊಡನೆ ಚಹಾ ಕುಡಿಯುವ, ಬಂಕರಿನಲ್ಲಿ ಕೂತ, ಕಣ್ಣೀರು ಒರೆಸಿಕೊಳ್ಳುವ ಚಿತ್ರಗಳು ಇನ್‌ಸ್ಟಾಗ್ರಾಮ್ ತುಂಬ ಹರಿದಾಡಿದವು. ಇದು ತಾನಾಗಿ ಆದದ್ದಲ್ಲ. ಸಿರಿಯಾಕ್ಕೆ ಯಾಕೆ ಹೋಗಬೇಕು ಎಂದು ಕೇಳುವ ಸ್ವದೇಶಿಗರಿಗೆ ಉತ್ತರವೊಂದು ಬೇಕಿತ್ತು.

ಸುಲೇಮಾನಿ ರಾಷ್ಟ್ರೀಯವಾದಿಯೇ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗದಿರುವುದೂ ಇದಕ್ಕೇ. ಅವರ ಸ್ವಂತ ನುಡಿಗಟ್ಟೆಲ್ಲ ಧಾರ್ಮಿಕ. ಸಿರಿಯಾದಲ್ಲಿ ಹೋರಾಡಿದವರು ಅವರಿಗೆ ಡಮಾಸ್ಕಸ್‌ನ ಸೈಯಿದಾ ಜೈನಬ್ ದರ್ಗಾದ ‘ಹರಮ್ ರಕ್ಷಕರು’, ಅಂದರೆ ಪವಿತ್ರ ಸ್ಥಳ ಕಾಯುವವರು. ತಮ್ಮ ಉಯಿಲಿನಲ್ಲಿ ಅವರು ಇಸ್ಲಾಮಿಕ್ ಗಣರಾಜ್ಯವನ್ನೇ ಒಂದು ಹರಮ್ ಎಂದು ಕರೆದರು. ಇದು ಉಳಿದರೆ ಉಳಿದ ಹರಮ್‌ಗಳೂ ಉಳಿಯುತ್ತವೆ ಎಂಬುದು ಅವರ ವಾದ. ದೇಶ, ವ್ಯವಸ್ಥೆ, ಧರ್ಮ ಅವರಿಗೆ ಬೇರೆ ಬೇರೆಯಾಗಿರಲಿಲ್ಲ. ಆದರೆ ಬೀದಿಯಲ್ಲಿ ಅವು ಬೇರೆಯಾಗಿದ್ದವು. ‘ಗಾಜಾವೂ ಬೇಡ, ಲೆಬನಾನ್ ಕೂಡ ಬೇಡ, ನನ್ನ ಪ್ರಾಣ ಇರಾನ್‌ಗೆ’ ಎಂದು 2009ರಲ್ಲೇ ಟೆಹ್ರಾನ್‌ನ ಪ್ರತಿಭಟನಕಾರರು ಕೂಗಿದ್ದರು. ಆ ಘೋಷಣೆಯ ಗುರಿ ಸುಲೇಮಾನಿ ಮಾಡುತ್ತಿದ್ದ ಕೆಲಸವೇ.

ಈ ಬಿರುಕಿಗೆ ತೇಪೆ ಹಾಕಿದ್ದು ಐಎಸ್. 2017ರ ಜೂನ್ 7ರಂದು ಅದರ ಉಗ್ರರು ಇರಾನ್ ಸಂಸತ್ತಿಗೂ ಖೊಮೇನಿ ಸಮಾಧಿಗೂ ನುಗ್ಗಿ 17 ಮಂದಿಯನ್ನು ಕೊಂದರು. ಎರಡು ತಿಂಗಳ ನಂತರ ಸಿರಿಯಾ ಗಡಿಯಲ್ಲಿ ಸೆರೆಸಿಕ್ಕ ಯುವ ಗಾರ್ಡ್ ಮೊಹ್ಸೆನ್ ಹೊಜಾಜಿಯ ತಲೆ ಕಡಿದು, ವಿಡಿಯೊ ಹರಿಬಿಟ್ಟರು. ಮಸೀದಿಗೆ ಕಾಲಿಡದ, ಮುಲ್ಲಾಗಳನ್ನು ಕಂಡರಾಗದ ಮಧ್ಯಮ ವರ್ಗದವರೂ ಸುಲೇಮಾನಿಯಲ್ಲಿ ದೇಶ ಕಾಯುವ ಸರ್ದಾರನನ್ನು ಕಂಡದ್ದು ಆಗ. ಸರಿಯಾಗಿ ಹಿಜಾಬ್ ಹಾಕದ ಹುಡುಗಿಯೂ ನನ್ನ ಮಗಳೇ ಎಂಬ ಅವರ ಮಾತು ಮನೆಮಾತಾಯಿತು. 2019ರ ಸಮೀಕ್ಷೆಯಲ್ಲಿ ಹತ್ತರಲ್ಲಿ ಎಂಟು ಮಂದಿ ಅವರ ಬಗ್ಗೆ ಒಳ್ಳೆಯ ಅಭಿಪ್ರಾಯ ಹೇಳಿದ್ದರು. ಇದೇ ವ್ಯಕ್ತಿ 1999ರಲ್ಲಿ, ವಿದ್ಯಾರ್ಥಿ ಚಳವಳಿ ಅಡಗಿಸದಿದ್ದರೆ ನಮ್ಮ ತಾಳ್ಮೆ ಮುಗಿಯುತ್ತದೆ ಎಂದು ರಾಷ್ಟ್ರಪತಿ ಖತಾಮಿಗೆ ಬೆದರಿಕೆಯ ಪತ್ರ ಬರೆದ 24 ದಂಡನಾಯಕರಲ್ಲಿ ಒಬ್ಬರು ಎಂಬುದನ್ನು ಆಗ ನೆನಪಿಸಿದವರು ಕಡಿಮೆ.

ಬಿಲ್ಲು ಕಟ್ಟಿದವರು ಯಾರು

ಖರ್ಚಿನ ಬಾಬ್ತು ಬಂದಾಗ ಅಂಕಿಗಳು ಪಕ್ಷಪಾತದವು, ಎಚ್ಚರಿಕೆಯಿಂದ ನೋಡಬೇಕು. ಹಿಜ್ಬುಲ್ಲಾಗೆ ವರ್ಷಕ್ಕೆ 70 ಕೋಟಿ ಡಾಲರ್ ಹೋಗುತ್ತದೆ ಎಂದು 2018ರಲ್ಲಿ ಹೇಳಿದ್ದು ಅಮೆರಿಕ. ಆದರೆ ಸಿರಿಯಾಕ್ಕೆ 2,000ದಿಂದ 3,000 ಕೋಟಿ ಡಾಲರ್ ಕೊಟ್ಟಿರಬಹುದು, ಅದನ್ನು ವಾಪಸು ಪಡೆಯಬೇಕು ಎಂದು 2020ರಲ್ಲಿ ಹೇಳಿದವರು ಇರಾನ್‌ನದೇ ಸಂಸದ ಹೆಷ್ಮತುಲ್ಲಾ ಫಲಾಹತ್‌ಪಿಷೆ.

ರೊಕ್ಕಕ್ಕಿಂತ ದೊಡ್ಡ ನಷ್ಟ ರಾಜತಾಂತ್ರಿಕತೆಯದು. ವಿದೇಶಾಂಗ ಸಚಿವ ಜವಾದ್ ಜರೀಫ್ 2015ರಲ್ಲಿ ಅಣು ಒಪ್ಪಂದ ಮಾಡಿ ನಿರ್ಬಂಧ ಸಡಿಲಿಸಿದರು. ಅದೇ ಬೇಸಿಗೆಯಲ್ಲಿ ಸುಲೇಮಾನಿ ಮಾಸ್ಕೋಗೆ ಹೋಗಿ ಸಿರಿಯಾ ಯುದ್ಧ ದೊಡ್ಡದು ಮಾಡಲು ಮಾತಾಡಿ ಬಂದರು. 2019ರ ಫೆಬ್ರವರಿಯಲ್ಲಿ ಅಸದ್ ಟೆಹ್ರಾನ್‌ಗೆ ಬಂದಾಗ ಪಕ್ಕದಲ್ಲಿ ಸುಲೇಮಾನಿ ಇದ್ದರು, ಸಚಿವರಿಗೆ ಸುದ್ದಿಯೇ ಇರಲಿಲ್ಲ. ಜರೀಫ್ ರಾಜೀನಾಮೆ ಕೊಟ್ಟರು, ಅದು ಅಂಗೀಕಾರವಾಗಲಿಲ್ಲ. 2021ರಲ್ಲಿ ಸೋರಿಕೆಯಾದ ಅವರ ಧ್ವನಿಮುದ್ರಿಕೆಯಲ್ಲಿ ಕಹಿ ಉಕ್ಕುತ್ತದೆ: ರಣರಂಗಕ್ಕಾಗಿ ರಾಜತಾಂತ್ರಿಕತೆಯನ್ನು ಬಲಿಕೊಟ್ಟೆ, ರಾಜತಾಂತ್ರಿಕತೆಗಾಗಿ ರಣರಂಗ ಎಂದೂ ಬಗ್ಗಲಿಲ್ಲ ಎಂಬುದು ಅದರ ಸಾರ.

ಅಮೆರಿಕ ಅಣು ಒಪ್ಪಂದ ಬಿಟ್ಟು ನಿರ್ಬಂಧಗಳು ಮರಳಿದಾಗ ಅದರ ಬಿಸಿ ಮಂಗಳೂರಿಗೂ ತಟ್ಟಿತು. ಅಲ್ಲಿನ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ಒಂದು ಕಾಲಕ್ಕೆ ಭಾರತದಲ್ಲಿ ಇರಾನ್ ಕಚ್ಚಾತೈಲದ ದೊಡ್ಡ ಗಿರಾಕಿ. ಡಾಲರ್ ದಾರಿ ಮುಚ್ಚಿದಾಗ 2012ರಿಂದ ಬಿಲ್ಲಿನ ಶೇ 45 ಪಾಲನ್ನು ಯುಕೊ ಬ್ಯಾಂಕ್‌ನಲ್ಲಿ ರೂಪಾಯಿಯಲ್ಲೇ ಕಟ್ಟುವ ಏರ್ಪಾಡಾಗಿತ್ತು. 2019ರ ಏಪ್ರಿಲ್‌ನಲ್ಲಿ ಅಮೆರಿಕ ಗಾರ್ಡ್ಸ್ ಪಡೆಯನ್ನು ಉಗ್ರ ಸಂಘಟನೆಗಳ ಪಟ್ಟಿಗೆ ಸೇರಿಸಿತು, ಮೇ ತಿಂಗಳಲ್ಲಿ ತೈಲ ವಿನಾಯಿತಿಯೂ ನಿಂತಿತು. ಭಾರತ ಇರಾನ್ ತೈಲ ಕೊಳ್ಳುವುದನ್ನೇ ಬಿಟ್ಟಿತು.

ಆ ವರ್ಷ ಸುಲೇಮಾನಿಗೆ ಒಳ್ಳೆಯದಾಗಿರಲಿಲ್ಲ. ಮಾರ್ಚ್‌ನಲ್ಲೇನೋ ಖಮೇನಿ ಜುಲ್ಫಿಕರ್ ಪದಕ ತೊಡಿಸಿದರು, ಕ್ರಾಂತಿಯ ನಂತರ ಅದನ್ನು ಪಡೆದ ಮೊದಲಿಗರು ಅವರೇ. ಆದರೆ ಅಕ್ಟೋಬರ್‌ನಿಂದ ಇರಾಕ್‌ನ ಬೀದಿಗಳಲ್ಲಿ ಷಿಯಾ ಯುವಕರೇ ‘ಇರಾನ್ ಹೊರಗೆ’ ಎಂದು ಕೂಗತೊಡಗಿದರು. ನವೆಂಬರ್ 27ರಂದು ಷಿಯಾಗಳ ಪವಿತ್ರ ನಗರ ನಜಫ್‌ನಲ್ಲೇ ಇರಾನ್ ಕಾನ್ಸುಲೇಟ್‌ಗೆ ಬೆಂಕಿ ಬಿತ್ತು. ಇತ್ತ ಸ್ವದೇಶದಲ್ಲಿ ನವೆಂಬರ್ 15ರಂದು ಪೆಟ್ರೋಲ್ ದರ ಏರಿಸಿದ್ದಕ್ಕೆ ಎದ್ದ ಪ್ರತಿಭಟನೆಯಲ್ಲಿ ಕನಿಷ್ಠ 300 ಮಂದಿ ಸತ್ತರೆಂದು ಆಮ್ನೆಸ್ಟಿ ಲೆಕ್ಕ ಹಾಕಿತು.

ಡಿಸೆಂಬರ್ 27ರಂದು ಕಿರ್ಕುಕ್ ಬಳಿಯ ಕೆ-1 ನೆಲೆಯ ಮೇಲೆ ಬಿದ್ದ ರಾಕೆಟ್ ಒಬ್ಬ ಅಮೆರಿಕನ್ ಗುತ್ತಿಗೆದಾರನನ್ನು ಕೊಂದಿತು. 29ರಂದು ಅಮೆರಿಕ ಇರಾನ್ ಬೆಂಬಲಿತ ಇರಾಕಿ ಗುಂಪಾದ ಕತೈಬ್ ಹಿಜ್ಬುಲ್ಲಾದ ನೆಲೆಗಳಿಗೆ ಹೊಡೆಯಿತು, 25 ಮಂದಿ ಸತ್ತರು. 31ರಂದು ಗುಂಪು ಬಾಗ್ದಾದ್‌ನ ಅಮೆರಿಕ ರಾಯಭಾರ ಕಚೇರಿಯ ಗೇಟು ಮುರಿಯಿತು. ಇಂಥ ಹೊತ್ತಿನಲ್ಲೂ ಸುಲೇಮಾನಿ ಡಮಾಸ್ಕಸ್‌ನಿಂದ ಷಾಮ್ ವಿಂಗ್ಸ್ ಎಂಬ ಸಾಮಾನ್ಯ ಪ್ರಯಾಣಿಕ ವಿಮಾನ ಹತ್ತಿ ಬಾಗ್ದಾದ್‌ಗೆ ಬಂದರು. 2020ರ ಜನವರಿ 3, ಮಧ್ಯರಾತ್ರಿ ಕಳೆದಿತ್ತು. ಇರಾಕ್‌ನಲ್ಲಿ ಇರಾನ್ ಪರ ಗುಂಪುಗಳೇ ಪ್ರಬಲವಾಗಿರುವ ಪಡೆಗಳ ಒಕ್ಕೂಟ ಹಷ್ದ್ ಅಲ್ ಷಾಬಿಯ ಉಪಮುಖ್ಯಸ್ಥ ಅಬು ಮೆಹ್ದಿ ಅಲ್ ಮುಹಂದಿಸ್ ವಿಮಾನದ ಬುಡಕ್ಕೇ ಬಂದು ಕರೆದೊಯ್ದರು. ಎರಡು ವಾಹನಗಳು ವಿಮಾನ ನಿಲ್ದಾಣದಿಂದ ಹೊರಡುವ ರಸ್ತೆಯಲ್ಲಿದ್ದಾಗ ಅಮೆರಿಕದ ರೀಪರ್ ಡ್ರೋನ್ ಕ್ಷಿಪಣಿ ಹಾರಿಸಿತು. ಹತ್ತು ಮಂದಿ ಸತ್ತರು. ಬೆರಳಿನಲ್ಲಿದ್ದ ಕೆಂಪು ಹರಳಿನ ಉಂಗುರದಿಂದ ಸುಲೇಮಾನಿಯ ಗುರುತು ಸಿಕ್ಕಿತು. ಯಾರೂ ನನ್ನನ್ನು ಮುಟ್ಟುವುದಿಲ್ಲ ಎಂಬ ಧೈರ್ಯ ಇಪ್ಪತ್ತು ವರ್ಷ ಕೆಲಸ ಮಾಡಿತ್ತು, ಅದನ್ನೇ ಭದ್ರತೆ ಎಂದು ತಿಳಿದದ್ದು ತಪ್ಪಾಯಿತು.

ಶವಯಾತ್ರೆಗೆ ಲಕ್ಷಾಂತರ ಜನ ಬಂದರು. ಗೌರಿಬಿದನೂರು ತಾಲ್ಲೂಕಿನ ಅಲೀಪುರ, ಷಿಯಾಗಳೇ ಹೆಚ್ಚಿರುವ, ಮಕ್ಕಳನ್ನು ಓದಲು ಇರಾನ್‌ಗೆ ಕಳಿಸುವ ನಮ್ಮ ಊರು, ಕಪ್ಪು ಬಾವುಟ ಕಟ್ಟಿ ಶೋಕ ಆಚರಿಸಿತು. ಕೆರ್ಮಾನ್‌ನಲ್ಲಿ ನೂಕುನುಗ್ಗಲಿಗೆ 56 ಮಂದಿ ಸತ್ತರು. ದೇಶ ಒಂದಾಗಿದೆ ಎಂಬ ಆ ಚಿತ್ರ ಉಳಿದದ್ದು ಒಂದೇ ವಾರ. ಜನವರಿ 8ರಂದು ಇರಾಕ್‌ನ ಅಮೆರಿಕನ್ ನೆಲೆಗಳಿಗೆ ಕ್ಷಿಪಣಿ ಹಾರಿಸಿ ಸೇಡು ತೀರಿಸಿಕೊಂಡ ಬೆಳಗಿನ ಜಾವವೇ ಗಾರ್ಡ್ಸ್ ತಮ್ಮದೇ ರಾಜಧಾನಿಯಿಂದ ಹೊರಟ ಉಕ್ರೇನ್ ವಿಮಾನವನ್ನು ಹೊಡೆದುರುಳಿಸಿದರು. 176 ಸಾವು, ಹೆಚ್ಚಿನವರು ಇರಾನಿಗರು. ಮೂರು ದಿನ ಸುಳ್ಳು ಹೇಳಿ ಆಮೇಲೆ ಒಪ್ಪಿಕೊಂಡರು. ವಿದ್ಯಾರ್ಥಿಗಳು ಸುಲೇಮಾನಿಯ ಪೋಸ್ಟರ್ ಹರಿದರು. ಎರಡು ವರ್ಷದ ನಂತರ ಷಹರೆಕುರ್ದ್ ನಗರದಲ್ಲಿ ಅವರ ಪ್ರತಿಮೆ ಅನಾವರಣವಾದ ದಿನವೇ ಯಾರೋ ಬೆಂಕಿ ಹಚ್ಚಿದರು.

ಕೊಂಡಿಗಳು ಕಳಚಿದ ಬಗೆ

ಉತ್ತರಾಧಿಕಾರಿ ಇಸ್ಮಾಯಿಲ್ ಖಾನಿ ಮಷಾದ್‌ನವರು, ಪಳಗಿದ್ದು ಅಫ್ಘಾನಿಸ್ತಾನದ ಕಡೆ. ಸುಲೇಮಾನಿ ಕಲಿತಿದ್ದ ಅರಬ್ಬಿ ಇವರಿಗೆ ಬಾರದು, ಇರಾಕಿ ನಾಯಕರೊಂದಿಗೆ ಹಳೆಯ ಸಲಿಗೆಯಿಲ್ಲ. ಬಾಗ್ದಾದ್‌ಗೆ ಬರುವ ಮುನ್ನ ವೀಸಾ ತೆಗೆದುಕೊಳ್ಳಿ ಎಂದು ಇರಾಕ್ ಸರ್ಕಾರ ಅವರಿಗೆ ಹೇಳಿದ್ದಾಗಿ ವರದಿಗಳಾದವು. ಮುಹಂದಿಸ್ ಕೂಡ ಇಲ್ಲದ್ದರಿಂದ ಇರಾಕ್‌ನ ಗುಂಪುಗಳು ತಂತಮ್ಮ ದಾರಿ ಹಿಡಿದವು. ಇದನ್ನೆಲ್ಲ ಖಾನಿಯ ಅಸಾಮರ್ಥ್ಯಕ್ಕೆ ಹಾಕುವುದು ಸುಲಭ. ಒಬ್ಬ ವ್ಯಕ್ತಿಯ ಪರಿಚಯಗಳ ಮೇಲೆ ನಿಂತ ವ್ಯವಸ್ಥೆಯನ್ನು ಇನ್ನೊಬ್ಬರಿಗೆ ಹಸ್ತಾಂತರಿಸಲು ಆಗುವುದಿಲ್ಲ, ಕಟ್ಟಿದವರು ಅದನ್ನು ಯೋಚಿಸಿರಲಿಲ್ಲ.

2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಇಸ್ರೇಲ್ ಒಂದೊಂದೇ ಕೊಂಡಿ ಕಳಚಿತು. 2024ರ ಏಪ್ರಿಲ್ 1ರಂದು ಡಮಾಸ್ಕಸ್‌ನ ಇರಾನ್ ಕಾನ್ಸುಲೇಟ್ ಮೇಲೆ ದಾಳಿಯಾಗಿ ಹಿರಿಯ ಜನರಲ್ ಮೊಹಮ್ಮದ್ ರೆಜಾ ಜಾಹೆದಿ ಸತ್ತರು. ಸೆಪ್ಟೆಂಬರ್ 17ರಂದು ಹಿಜ್ಬುಲ್ಲಾದವರ ಪೇಜರ್‌ಗಳು ಸಿಡಿದವು, 27ರಂದು ಅದರ ನಾಯಕ ಹಸನ್ ನಸ್ರಲ್ಲಾ ಹತರಾದರು. ಸಿರಿಯಾದ ಮೂರು ಊರುಗೋಲುಗಳಲ್ಲಿ ಹಿಜ್ಬುಲ್ಲಾ ಮುರಿದಿತ್ತು, ರಷ್ಯಾ ಉಕ್ರೇನ್‌ನಲ್ಲಿ ಸಿಕ್ಕಿಕೊಂಡಿತ್ತು, ಇರಾನ್ ಬಳಿ ಹಣವಿರಲಿಲ್ಲ. ನವೆಂಬರ್ 27ರಂದು ಬಂಡುಕೋರರು ಇದ್ಲಿಬ್‌ನಿಂದ ಹೊರಟಾಗ ಅಸದ್‌ನ ಸೈನಿಕನಿಗೆ ಸಿಗುತ್ತಿದ್ದ ತಿಂಗಳ ಸಂಬಳ ಕೆಲವೇ ಹತ್ತು ಡಾಲರ್‌ಗಳು. ಯಾರೂ ನಿಂತು ಹೋರಾಡಲಿಲ್ಲ. ಡಿಸೆಂಬರ್ 8ಕ್ಕೆ ಡಮಾಸ್ಕಸ್ ಬಿತ್ತು, ಲೆಬನಾನ್‌ಗೆ ಹೋಗುವ ನೆಲದಾರಿ ಮುಚ್ಚಿತು. ಏಳು ತಿಂಗಳೊಳಗೆ ಯುದ್ಧ ಟೆಹ್ರಾನ್‌ಗೆ ಬಂತು.

2025ರ ಜೂನ್‌ನ ಆ ಹನ್ನೆರಡು ದಿನಗಳ ಯುದ್ಧದಲ್ಲಿ ಜನ ದೇಶದ ಪರ ನಿಂತರು, ವ್ಯವಸ್ಥೆಯ ಪರ ಎಂದು ಹೇಳುವುದು ಕಷ್ಟ. ಸರ್ಕಾರಕ್ಕೂ ಅದು ಗೊತ್ತಿತ್ತು. ಕದನ ವಿರಾಮವಾಗಿ ಹೆಚ್ಚು ದಿನವಾಗಿರಲಿಲ್ಲ, ಖಮೇನಿ ತಮ್ಮ ಮುಂದೆ ನಡೆದ ಮೊಹರಂನ ಆಶುರಾ ಶೋಕಸಭೆಯಲ್ಲಿ ಹಳೆಯ, ಧರ್ಮದ ಸೋಂಕಿಲ್ಲದ ದೇಶಭಕ್ತಿ ಗೀತೆಯೊಂದನ್ನು ಹಾಡಲು ಹೇಳಿದರು. ನವೆಂಬರ್‌ನಲ್ಲಿ ಟೆಹ್ರಾನ್‌ನ ಇಂಕಿಲಾಬ್ ಚೌಕದಲ್ಲಿ ರೋಮನ್ ಚಕ್ರವರ್ತಿಯನ್ನು ಮಂಡಿಯೂರಿಸಿದ ಸಾಸಾನಿ ದೊರೆ ಶಾಪುರನ ಪ್ರತಿಮೆ ನಿಂತಿತು. ಇಸ್ಲಾಮಿಗೂ ಹಿಂದಿನ ದೊರೆಗಳನ್ನು ಕರೆತರಬೇಕಾಗಿ ಬಂದದ್ದು, ಸುಲೇಮಾನಿಯ ಚಿತ್ರ ಒಂದೇ ಈ ಕೆಲಸಕ್ಕೆ ಸಾಲದೆಂದು ಕಂಡಿದ್ದರಿಂದಲೇ ಇರಬೇಕು.

ಅವರು ಕಟ್ಟಿದ್ದರಲ್ಲಿ ಅಲುಗಾಡದೆ ಉಳಿದದ್ದು ಇರಾಕ್‌ನ ಹಷ್ದ್ ಅಲ್ ಷಾಬಿ. 2016ರ ಕಾನೂನು ಅದನ್ನು ಇರಾಕ್‌ನ ಅಧಿಕೃತ ಪಡೆಯಾಗಿಸಿತು, 2023ರ ಬಜೆಟ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಅದರ ಸಂಬಳದ ಪಟ್ಟಿಯಲ್ಲಿದ್ದರು. ಸಂಬಳ ಬಾಗ್ದಾದ್‌ನದು, ಮಂತ್ರಿಗಿರಿ ಬಾಗ್ದಾದ್‌ನದು, ಗುತ್ತಿಗೆ ಕೆಲಸಗಳೂ ಬಾಗ್ದಾದ್‌ನವು. ಸುಲೇಮಾನಿಯ ಕ್ರಮದ ಕೊನೆಯ ಹಂತ ಇಲ್ಲಿ ಪೂರ್ತಿ ಕೈಗೂಡಿತ್ತು. 2025ರ ಜೂನ್‌ನಲ್ಲಿ ಟೆಹ್ರಾನ್ ಮೇಲೆ ಬಾಂಬು ಬೀಳುವಾಗ ಅದರ ದೊಡ್ಡ ಬಣಗಳು ಖಂಡನಾ ಹೇಳಿಕೆ ಹೊರಡಿಸಿದವು, ಯುದ್ಧಕ್ಕೆ ಇಳಿಯಲಿಲ್ಲ.